ಆರ್ಲೀನಳ ಅರ್ಧ ಗಂಟೆ

ವೆಂಡಲ್ ಶಬ್ದದ ಯಂತ್ರವನ್ನು ನಿಲ್ಲಿಸಿದ. ಒಳಗಿನ ಮಾತು ಹೊರಗೆ ಕೇಳಬಾರದೆಂದು ಬಾಗಿಲ ಬುಡದಲ್ಲಿಟ್ಟ, ಸದಾ ಬುಸುಗುಡುವ ಪೆಟ್ಟಿಗೆ ಅದು. ಮೂರು ವಾರದಿಂದಲೂ ಇದೇ ಅವನ ಕೆಲಸ. ಹೆಂಡತಿ ಆರ್ಲೀನ್ ಒಳಗೆ ಹೋದ ಕೂಡಲೇ ಗುಂಡಿ ಒತ್ತುವುದು, ಬಾಗಿಲ ಪಕ್ಕದ ಕುರ್ಚಿಗೆ ಬಂದು ಕಿವಿಗೊಡುವುದು.

ಒಳಗಿದ್ದವಳು ಸೊಲಾಂಜ್. ಇಪ್ಪತ್ತು ವರ್ಷ ತುರ್ತು ವಾರ್ಡಿನಲ್ಲಿ ನರ್ಸಾಗಿದ್ದು, ಈಗ ಉತ್ತರ ಒಂಟಾರಿಯೋದ ಈ ಸಣ್ಣ ಊರಿನಲ್ಲಿ ಮನಸ್ಸಿಗೆ ಚಿಕಿತ್ಸೆ ಕೊಡುತ್ತಾಳೆ. ಗಂಡಹೆಂಡಿರು ಬಂದರೆ ಮೊದಲು ಒಬ್ಬೊಬ್ಬರನ್ನೇ ಅರ್ಧ ಗಂಟೆ ಕೂರಿಸಿಕೊಳ್ಳುವುದು ಅವಳ ಪದ್ಧತಿ. ವೆಂಡಲ್‌ಗೆ ಅದು ಹಿಡಿಸಿರಲಿಲ್ಲ. ಆದರೆ ಆರ್ಲೀನ್ ಹಿಮದಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಳೆಂಬ ಕಥೆ ಕೇಳಿ ಡಾಕ್ಟರೇ ಇಬ್ಬರನ್ನೂ ಇಲ್ಲಿಗೆ ಕಳಿಸಿದ್ದರು. ಬರುವುದಿಲ್ಲ ಎಂದರೆ ಅನುಮಾನ ಹುಟ್ಟುತ್ತದೆ. ಅಷ್ಟು ಬುದ್ಧಿ ಅವನಿಗಿತ್ತು.

ಆ ಬುದ್ಧಿವಂತನ ಕಾವಲು ನೋಡಿ. ಹೆಂಡತಿಯ ಫೋನು ಅವನ ಜೇಬಿನಲ್ಲಿ. ಕೋಟು ಅವನ ತೊಡೆಯ ಮೇಲೆ. ಬೂಟು, ಎಲ್ಲರೂ ಬಿಚ್ಚಿಡುವಂತೆ, ಹೊರಬಾಗಿಲ ಬಳಿ ಅವನ ಬೂಟಿನ ಪಕ್ಕದಲ್ಲೇ. ಬೀದಿಯಲ್ಲಿ ಸೊನ್ನೆಗಿಂತ ಇಪ್ಪತ್ತೆರಡು ಡಿಗ್ರಿ ಕೆಳಗಿನ ಚಳಿ. ಬರೀ ಕಾಲುಚೀಲದಲ್ಲಿ ಎಲ್ಲಿಗೆ ಹೋದಾಳು?

ಹೋಗಬೇಕೆಂಬುದೊಂದೇ ಅವಳ ಆಸೆ. ಹೊರಗೆ ಕಿವಿಯೊಂದು ಕಾದಿದೆಯೆಂದು ಗೊತ್ತಿದ್ದರಿಂದ, ಕಳೆದ ವಾರ ಬಾಯಿ ಬಿಡದೆ ಕಾಗದದ ಮೇಲೆ ಬರೆದುಕೊಟ್ಟಿದ್ದಳು: ಇವನ ಜೊತೆಯಲ್ಲೇ ಇದ್ದರೆ ನಾನು ಈ ಚಳಿಗಾಲ ಮುಗಿಯುವವರೆಗೆ ಬದುಕುವುದಿಲ್ಲ. ಸೊಲಾಂಜ್ ಅದನ್ನು ಓದಿ ಪೆನ್ನು ಕೈಗೆತ್ತಿಕೊಂಡಿದ್ದಳು. ಆದರೆ ಹೊರಡುವ ತೀರ್ಮಾನ ಆರ್ಲೀನಳದೇ ಆಗಬೇಕು, ಬೇರೆಯವರು ನೂಕುವಂತಿಲ್ಲ. ಗಟ್ಟಿ ಮನಸ್ಸು ಮಾಡಿ ಬನ್ನಿ ಎಂದು ಅದೇ ಕಾಗದದ ಕೆಳಗೆ ಬರೆದು ತೋರಿಸಿದ್ದಳು.

ಇವತ್ತು ಬರುವಾಗ ಟ್ರಕ್ಕಿನಲ್ಲಿ ವೆಂಡಲ್ ಪಾಠ ಹೇಳಿಕೊಟ್ಟಿದ್ದ. "ಏನು ಕೇಳಿದ್ರೂ ತಲೆ ಆಡಿಸು, ಸಾಕು. ಬಾಯಿ ಬಿಟ್ಯೋ, ಮನೇಲಿ ನಾನಿದ್ದೀನಿ ಕಣೇ."

ಅವನಿಗೆ ನಗು ತರಿಸುವ ಸಂಗತಿ ಇನ್ನೊಂದಿತ್ತು. ತಮಗಿಂತ ಮುಂಚಿನ ಸರದಿಯವರು ಈ ಕೋಣೆಯಿಂದ ಹೊರಬಂದದ್ದನ್ನು ಅವನು ಒಮ್ಮೆಯೂ ಕಂಡಿರಲಿಲ್ಲ. ನರ್ಸಮ್ಮನ ಹತ್ತಿರ ಒಂದು ನರಪಿಳ್ಳೆಯೂ ಸುಳಿಯುವುದಿಲ್ಲ ಎಂದು ಆಡಿಕೊಂಡಿದ್ದ.

ಸೊಲಾಂಜಳ ದನಿ ಬಾಗಿಲಾಚೆಯಿಂದ ಸ್ಪಷ್ಟವಾಗಿ ಬಂತು. "ಅವಸರ ಏನಿಲ್ಲ ಆರ್ಲೀನ್. ಮಾತು ಬರ್ದಿದ್ರೆ ಬೇಡ."

ಮತ್ತೆ ಅದೇ ದನಿ, ನಿಧಾನವಾಗಿ. "ಅಂದ್ರೆ, ಮನೆ ಬಿಡೋ ಯೋಚನೆ ಇಲ್ಲ. ಸರಿ. ಅದು ನಿಮ್ಮಿಷ್ಟ, ನಾನು ಬಲವಂತ ಮಾಡಲ್ಲ."

ವೆಂಡಲ್ ಕಾಲು ಚಾಚಿ ಕೂತ. ಬೇರೆ ಯಾರಾದರೂ ಕೇಳಿದ್ದರೆ ಅಯ್ಯೋ ಪಾಪ ಎನ್ನುತ್ತಿದ್ದರು. ಮತ್ತೆ ಅದೇ ಅರವತ್ತು ಕಿಲೋಮೀಟರು, ಅದೇ ಕಾಡಂಚಿನ ಮನೆ. ಸೊಲಾಂಜ್ ಮಾತಾಡುತ್ತಲೇ ಇದ್ದಳು: ನಿದ್ದೆ ಬರುತ್ತದೆಯೇ, ಊಟ ಸೇರುತ್ತದೆಯೇ, ಮಣಿಕಟ್ಟಿನ ನೋವು ಹೇಗಿದೆ. ಯಾವುದಕ್ಕೂ ಉತ್ತರವಿಲ್ಲ. ಕಲಿಸಿದ ಪಾಠ ಚೆನ್ನಾಗಿ ನಾಟಿದೆ ಎಂದುಕೊಂಡ.

ಗಡಿಯಾರದಲ್ಲಿ ಎರಡಕ್ಕೆ ಹತ್ತು ನಿಮಿಷ. ಆರ್ಲೀನಳ ಅರ್ಧ ಗಂಟೆ ಮುಗಿದು ಹತ್ತು ನಿಮಿಷ ಕಳೆದಿತ್ತು. ವೆಂಡಲ್ ಎದ್ದು ಬಾಗಿಲು ತಟ್ಟಿದ. ಸೊಲಾಂಜ್ ತೆರೆದಳು. ಅವಳ ಮುಖ ಬಿಳಿಚಿಕೊಂಡಿತ್ತು, ದನಿ ಮಾತ್ರ ನೆಟ್ಟಗಿತ್ತು.

"ಬನ್ನಿ ವೆಂಡಲ್. ಈಗ ನಿಮ್ಮ ಸರದಿ."

"ಅವಳೂ ಇರ್ಲಿ ಬಿಡಿ ಸಿಸ್ಟರ್. ನನ್ನದೇನೂ ಗುಟ್ಟಿಲ್ಲ," ಎನ್ನುತ್ತ ಅವನು ಒಳಗೆ ಕಾಲಿಟ್ಟ.

ಸೊಲಾಂಜಳ ಎದುರಿನ ಕುರ್ಚಿ ನಲವತ್ತು ನಿಮಿಷದಿಂದಲೂ ಖಾಲಿಯಾಗಿತ್ತು; ಬಂದವರು ಒಬ್ಬರ ಕಣ್ಣಿಗೊಬ್ಬರು ಬೀಳದಿರಲೆಂದು ಸೊಲಾಂಜ್ ಎಲ್ಲರನ್ನೂ ಕಳಿಸುವ ಹಿಂಬಾಗಿಲಿನಿಂದ ಇಳಿದ ಆರ್ಲೀನ್, ಸೊಲಾಂಜ್ ಫೋನ್ ಮಾಡಿ ಕರೆಸಿದ್ದ ತನ್ನ ತಂಗಿಯ ಕಾರಿನಲ್ಲಿ ಆಗಲೇ ಊರು ದಾಟಿ ಹೋಗಿದ್ದಳು.