ಬೂದು ಬಟನ್

ಹೆಂಗಸರ ಸುರಕ್ಷತೆಯ ಆ್ಯಪ್ ಅದು. ತೆರೆದರೆ ಪರದೆಯ ಮೇಲೆ ‘ಅಪಾಯದಲ್ಲಿದ್ದೀರಾ?’ ಎಂಬ ಪ್ರಶ್ನೆ ಮೂಡುತ್ತಿತ್ತು. ‘ಹೌದು’ ಒತ್ತಿದರೆ ಪೊಲೀಸರಿಗೆ ಕರೆ ಹೋಗುತ್ತಿತ್ತು. ಕೈತಪ್ಪಿ ಒತ್ತುವವರೇ ಹೆಚ್ಚಾಗಿ, ಪೊಲೀಸರು ಕಂಪನಿಗೆ ಛೀಮಾರಿ ಹಾಕಿದ್ದರು. ಆ್ಯಪ್ ರೂಪಿಸಿದ ಎಂಜಿನಿಯರ್ ಅರ್ಧ ದಿನದಲ್ಲಿ ಅದಕ್ಕೆ ಮದ್ದು ಅರೆದ. ಪ್ರಶ್ನೆ ಬಂದ ಮೇಲೆ ಹತ್ತು ಸೆಕೆಂಡ್ ‘ಹೌದು’ ಬಟನ್ ಬೂದು ಬಣ್ಣದಲ್ಲೇ ಇರುತ್ತದೆ. ಎಷ್ಟು ಒತ್ತಿದರೂ ಜಪ್ಪಯ್ಯ ಎನ್ನುವುದಿಲ್ಲ.

“ಹತ್ತು ಸೆಕೆಂಡ್ ಜಾಸ್ತಿ ಆಯ್ತು ಸರ್,” ಎಂದಳು ಟೆಸ್ಟಿಂಗ್ ಮಾಡುವ ಇಂಚರಾ. “ಹೆದರಿದೋರು ಅಷ್ಟು ಹೊತ್ತು ಕಾಯ್ತಾರಾ?”

“ನಿಜವಾಗ್ಲೂ ಬೇಕಾದೋರು ಕಾಯ್ತಾರೆ ಕಣಮ್ಮ. ನೀನು ಪಾಸ್ ಅಂತ ಹಾಕು.”

ಅವಳು ಹಾಕಿದಳು. ಸುಳ್ಳು ಕರೆಗಳು ನಿಂತವು. ಆಫೀಸಿನಲ್ಲಿ ಕೇಕ್ ಕತ್ತರಿಸಿ ಮೊದಲ ತುಂಡನ್ನು ಅವನ ಬಾಯಿಗಿಟ್ಟರು.

ಮುಂದಿನ ವಾರ ಇನ್‌ಸ್ಪೆಕ್ಟರ್ ಒಬ್ಬರು ಪ್ಲಾಸ್ಟಿಕ್ ಚೀಲದಲ್ಲಿ ಇಂಚರಾಳ ಫೋನ್ ತಂದು ಅವನ ಮೇಜಿನ ಮೇಲಿಟ್ಟರು.

“ಹೆಣದ ಪಕ್ಕದಲ್ಲೇ ಬಿದ್ದಿತ್ತು. ನಿಮ್ಮ ಆ್ಯಪ್ ಇದ್ರಲ್ಲೇ ಇದೆ. ಆದ್ರೂ ಆ ಹುಡುಗಿ ಯಾಕ್ರೀ ಒತ್ತಲಿಲ್ಲ?”

ಅವನು ಚೀಲವನ್ನು ಕಿಟಕಿಯ ಬೆಳಕಿಗೆ ಹಿಡಿದ. ಫೋನಿನ ಗಾಜಿನ ಮೇಲೆ, ‘ಹೌದು’ ಮೂಡುವ ಜಾಗದಲ್ಲಿ ಮಾತ್ರ, ಒಂದರ ಮೇಲೊಂದು ರಕ್ತದ ಬೆರಳಚ್ಚುಗಳಿದ್ದವು.