ಮೂವತ್ತೊಂದು ಸಿ

ಮೂವತ್ತೊಂದು ಸಿ ಇನ್ನೂ ಬಂದಿರಲಿಲ್ಲ.

ಗಂಟೆ ನಾಲ್ಕಕ್ಕೆ ಎರಡು ನಿಮಿಷ. ವಿಮಾನ ಹೊರಡಬೇಕಾದದ್ದು ನಾಲ್ಕಕ್ಕೆ. ಹತ್ತಿದವರೆಲ್ಲ ಬೆಲ್ಟು ಬಿಗಿದು ಕೂತಾಗಿತ್ತು. ಗೇಟಿನ ಹಿರಿಯ ಗುಮಾಸ್ತೆ ಅಗುಳಿಯಕ್ಕ ಮೈಕು ಹಿಡಿದು ಆ ಸೀಟಿನವನ ಹೆಸರನ್ನು ಐದನೇ ಸಲ ಕೂಗಿದಳು. ದನಿಯಲ್ಲಿ ಏರಿಳಿತವಿಲ್ಲ. ಪಕ್ಕದಲ್ಲಿ ನಿಂತ ಮೇಲ್ವಿಚಾರಕ ಮಾತ್ರ ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದ.

ಅವನು ಇಲ್ಲಿಗೆ ವರ್ಗವಾಗಿ ಬಂದು ಎರಡೇ ತಿಂಗಳು. ನಾಲ್ಕು ದಿಕ್ಕಿನ ವಿಮಾನಗಳು ಬಂದು, ಜನರನ್ನು ಅದಲುಬದಲು ಮಾಡಿಕೊಂಡು ಮತ್ತೆ ಹಾರುವ ಜಾಗ ಇದು. ಒಂದು ತಡವಾದರೆ ಅದರ ಬಾಲ ಹಿಡಿದು ಇಪ್ಪತ್ತು ತಡ. ಹಾಗಾಗಿ ಮೇಲಿನಿಂದ ಹುಕುಂ ಬಂದಿತ್ತು: ಇವತ್ತು ಯಾರಿಗಾಗಿಯೂ ಕಾಯುವಂತಿಲ್ಲ.

ಕಾಯಬೇಕಾದವರು ಇದ್ದರು, ಅದೇ ಸಂಕಟ. ಪೂರ್ವದಿಂದ ಬರುವ ವಿಮಾನ ಎರಡು ಗಂಟೆ ತಡ ಅಂತ ಬೆಳಿಗ್ಗೆ ಒಂಬತ್ತಕ್ಕೇ ಸುದ್ದಿ ಬಂದಿತ್ತು. ಅದು ಇಳಿಯುವುದೇ ನಾಲ್ಕೂ ಐದಕ್ಕೆ. ಅಲ್ಲಿಂದ ಈ ಗೇಟಿಗೆ ಓಡಿಬಂದರೂ ಇಪ್ಪತ್ತು ನಿಮಿಷ. ಅದರಲ್ಲಿ ಇಲ್ಲಿ ಹತ್ತಬೇಕಾದ ಒಂಬತ್ತು ಜನರಿದ್ದರು. ಒಬ್ಬಳು ಅಗುಳಿಯಕ್ಕನ ಸ್ವಂತ ತಂಗಿ.

ಈ ವಿಮಾನ ಹೋಗುವ ಊರಿನಲ್ಲಿ ನಾಳೆ ಬೆಳಿಗ್ಗೆ ಅವರ ತಾಯಿಗೆ ಎದೆಯ ಆಪರೇಷನ್. ಆರು ವರ್ಷದಿಂದ ತಾಯಿಗೂ ಕಿರಿಮಗಳಿಗೂ ಮಾತಿಲ್ಲ. ಈಗ ಅವಳ ಮುಖ ನೋಡದೆ ಒಳಗೆ ಹೋಗುವುದಿಲ್ಲ ಅಂತ ಮುದುಕಿ ಹಟ ಹಿಡಿದಿದ್ದಳು; ಒಂದು ದಿನವೂ ಮುಂದೂಡುವಂತಿಲ್ಲ ಅಂತ ಡಾಕ್ಟರು ಹೇಳಿದ್ದರು. ಆ ಊರಿಗೆ ಮುಂದಿನ ವಿಮಾನ ಮೂರು ದಿನ ಬಿಟ್ಟು. ಇದೆಲ್ಲ ಮೇಲ್ವಿಚಾರಕನ ಕಿವಿಗೆ ಬಿದ್ದದ್ದು ಕ್ಯಾಂಟೀನಿನಲ್ಲಿ. ಅವಳಾಗಿ ಬಾಯಿ ಬಿಟ್ಟಿರಲಿಲ್ಲ.

ಮಧ್ಯಾಹ್ನ ಅವನೇ ಅವಳನ್ನು ಪಕ್ಕಕ್ಕೆ ಕರೆದಿದ್ದ. "ನೀವೊಂದು ಮಾತು ಕೇಳಿದ್ರೆ ಸಾಕು, ಐದು ನಿಮಿಷಕ್ಕಾದ್ರೂ ಮೇಲಿನವರ ಕೈಕಾಲು ಹಿಡೀತೀನಿ."

"ಐದು ನಿಮಿಷ ಸಾಲಲ್ಲ ಸರ್. ನಿಯಮ ಅಂದ್ರೆ ನಿಯಮ. ಅದನ್ನ ನಂಬ್ಕೊಂಡೇ ಇಷ್ಟು ವರ್ಷ ಕೆಲಸ ಮಾಡಿದೀನಿ."

ವರ ಕೊಡಲು ಪೂಜಾರಿ ತಯಾರು, ಬೇಡುವವಳೇ ಬಾಯಿ ಬಿಡಲೊಲ್ಲಳು! ಇವಳಿಗೆ ಸುಮ್ಮನೆ ಅಗುಳಿ ಅಂತ ಹೆಸರಿಟ್ಟಿರಲಿಲ್ಲ. ಹೊತ್ತು ಮೀರಿದರೆ ದೇವರೇ ಓಡಿಬಂದರೂ ಬಾಗಿಲು ತೆರೆಯಳು. ಪೆಟ್ಟಿಗೆಗೆ ಕಟ್ಟಿದ ಚೀಟಿಯಲ್ಲಿ, ತುರ್ತಿಗೆ ಯಾರಿಗೆ ಫೋನ್ ಮಾಡಬೇಕು ಎಂಬ ಜಾಗ ಖಾಲಿ ಇದ್ದರೆ ನಿಲ್ಲಿಸಿ ಬರೆಸುವಳು. ಎಷ್ಟೋ ಸಲ ತಾನೇ ಕೇಳಿ ಬರೆಯುವಳು. ಎದೆಯಲ್ಲಿ ಹೃದಯದ ಬದಲು ರಬ್ಬರ್ ಸ್ಟಾಂಪು ಇದೆಯೇನೋ ಅಂದುಕೊಂಡು ಅವನು ತನ್ನ ಕೆಲಸಕ್ಕೆ ಮರಳಿದ್ದ.

ಈಗ ನಾಲ್ಕು ಹೊಡೆಯಿತು. ತಂಗಿಯ ಯೋಚನೆಯನ್ನು ಮನಸ್ಸಿನಿಂದ ಕಿತ್ತುಹಾಕಿ, ಮೂವತ್ತೊಂದು ಸಿಯನ್ನು ಬಿಟ್ಟು ಹೊರಡಲಿ ಎಂದ.

"ಹೊರಡೋ ಹಾಗಿಲ್ಲ ಸರ್. ಅವರ ಪೆಟ್ಟಿಗೆ ಒಳಗಿದೆ."

ಪೆಟ್ಟಿಗೆ ಒಳಗೆ, ಒಡೆಯ ನಾಪತ್ತೆ. ಈ ಕಸುಬಿನಲ್ಲಿ ಇದಕ್ಕಿಂತ ಕೆಟ್ಟ ಸುದ್ದಿಯಿಲ್ಲ. ಒಡೆಯನಿಲ್ಲದ ಪೆಟ್ಟಿಗೆ ಹಾರುವಂತಿಲ್ಲ, ಹುಡುಕಿ ಇಳಿಸಲೇಬೇಕು. ಆತ ತಪಾಸಣೆ ದಾಟಿ ಒಳಬಂದದ್ದು ಕಂಪ್ಯೂಟರಿನಲ್ಲಿತ್ತು. ಬಂದವನು ಎಲ್ಲಿ ಮಾಯವಾದ? ಯಾಕೆ?

ಸಾಮಾನು ಏರಿಸುವವರ ಮುಖಂಡ ಕೆಳಗಿನಿಂದ ವಾಕಿಟಾಕಿಯಲ್ಲಿ ಗೊಣಗಿದ. ಆ ಪೆಟ್ಟಿಗೆ ಬೆಳಿಗ್ಗೆ ಹನ್ನೊಂದಕ್ಕೇ ಬಂದಿತ್ತಂತೆ. ಎಲ್ಲಕ್ಕಿಂತ ಮೊದಲು ಬಂದದ್ದು, ಎಲ್ಲಕ್ಕಿಂತ ಅಡಿಯಲ್ಲಿ. ಅರ್ಧ ವಿಮಾನ ಖಾಲಿ ಮಾಡಬೇಕು.

ಮೇಲಿನವನೊಬ್ಬ ಫೋನಿನಲ್ಲಿ ಹರಿಹಾಯ್ದ. ಪೆಟ್ಟಿಗೆ ಒಮ್ಮೆ ಯಂತ್ರದಲ್ಲಿ ನೋಡಿ ಆಗಿದೆಯಲ್ಲ, ಹೊರಡಿಸಿ ಎಂದ. ಮೇಲ್ವಿಚಾರಕ ಒಪ್ಪುವುದರಲ್ಲಿದ್ದ.

"ಬರವಣಿಗೆಯಲ್ಲಿ ಕೊಡ್ತಾರಾ ಕೇಳಿ ಸರ್," ಅಂದಳು ಅಗುಳಿಯಕ್ಕ.

ಕೇಳಿದ. ಆ ಕಡೆ ಫೋನು ಕಟ್ಟಾಯಿತು.

ಹತ್ತು ನಿಮಿಷ. ಹದಿನೈದು. ಭದ್ರತೆಯವರು ಶೌಚಾಲಯದ ಬಾಗಿಲುಗಳನ್ನು ಬಡಿದರು, ನಾಯಿ ತಂದರು. ಕಿಟಕಿಯ ಕೆಳಗೆ ಪೆಟ್ಟಿಗೆಗಳ ಗುಡ್ಡೆ ಬೆಳೆಯಿತು. ನಾಲ್ಕೂ ಇಪ್ಪತ್ತೈದಕ್ಕೆ ಸಿಕ್ಕಿತು: ಹಗ್ಗ ಬಿಗಿದ ನೀಲಿ ಪೆಟ್ಟಿಗೆ. ಮತ್ತೆ ಯಂತ್ರದಲ್ಲಿಟ್ಟು, ಆಮೇಲೆ ಬಿಚ್ಚಿ ನೋಡಿದರು. ಎರಡು ದಿಂಬು, ಒಂದು ಹಳೆಯ ಕಂಬಳಿ.

ಅಷ್ಟರಲ್ಲಿ ಉದ್ದದ ಹಾದಿಯ ತುದಿಯಿಂದ ದಡಬಡ ಸದ್ದು ಕೇಳಿತು. ಒಂಬತ್ತು ಜನ. ಎಲ್ಲರಿಗಿಂತ ಮುಂದೆ, ಚಪ್ಪಲಿ ಕೈಯಲ್ಲಿ ಹಿಡಿದು ಓಡಿಬರುತ್ತಿದ್ದ ಹೆಂಗಸು. ವಿಮಾನ ನಿಂತೇ ಇತ್ತು, ಬಾಗಿಲು ತೆರೆದೇ ಇತ್ತು. ಹತ್ತಿಸಿಕೊಳ್ಳಬೇಡಿ ಅನ್ನುವ ನಿಯಮ ಎಲ್ಲೂ ಇರಲಿಲ್ಲ. ತಂಗಿ ತಬ್ಬಿಕೊಳ್ಳಲು ಬಂದಳು. ಅಗುಳಿಯಕ್ಕ ಅವಳ ಪಾಸ್‌ಪೋರ್ಟ್ ತೆಗೆದುಕೊಂಡು, ಮುಖ ಹೋಲಿಸಿ ನೋಡಿ, ವಾಪಸು ಕೊಟ್ಟಳು.

"ಅಮ್ಮನ ಹತ್ರ ಜಗಳ ಆಡ್ಬೇಡ. ಹೋಗು."

ಮೇಲ್ವಿಚಾರಕನ ಕಣ್ಣು ಒದ್ದೆಯಾಯಿತು. ಯಾವನೋ ಸೋಮಾರಿಯ ದೆಸೆಯಿಂದ ಒಂದು ಮನೆ ಉಳಿಯಿತಲ್ಲ ಅಂದುಕೊಂಡ.

ವಿಮಾನ ಹೋದ ಮೇಲೆ ಆ ಸೋಮಾರಿಯನ್ನು ಹಿಡಿದು ತಂದರು. ಮೂರು ಗೇಟಿನಾಚೆ, ಬೆಂಚಿನ ಮೇಲೆ ಮುಖಕ್ಕೆ ಟೋಪಿ ಮುಚ್ಚಿಕೊಂಡು ಮಲಗಿದ್ದನಂತೆ. ಬೋಳುತಲೆಯ ಸಾಧು ಮನುಷ್ಯ. ನಿದ್ದೆ ಬಂದುಬಿಟ್ಟಿತು, ತಪ್ಪಾಯಿತು ಎಂದು ಕೈಮುಗಿದ.

"ಏಳು ಸಲ ಕೂಗಿದೀನಿ," ಅಗುಳಿಯಕ್ಕ ಗದರಿದಳು. "ಕಿವಿ ಕೇಳಲ್ವಾ ನಿಮಗೆ?"

"ನಮ್ಮನೆಯವಳೂ ದಿನಾ ಇದನ್ನೇ ಕೇಳ್ತಾಳೆ ಮೇಡಂ."

ಭದ್ರತೆಯವರು ಮುಸಿಮುಸಿ ನಕ್ಕರು. ವಿಚಾರಿಸಿ, ಬೈದು, ಹೇಳಿಕೆ ಬರೆಸಿಕೊಂಡು ಕಳಿಸಿದರು. ಪುಣ್ಯಾತ್ಮ ಗೇಟಿಗೆ ತಂದಿಟ್ಟ ಪೆಟ್ಟಿಗೆಯನ್ನೂ ಮರೆತು ಹೋದ.

ಅಗುಳಿಯಕ್ಕ ಬೆನ್ನು ಹಾಕಿ ಕೂತು ದಿನದ ವರದಿ ಬರೆಯುತ್ತಿದ್ದಳು. ಮೇಲ್ವಿಚಾರಕ ನೀಲಿ ಪೆಟ್ಟಿಗೆಯ ಚೀಟಿ ತಿರುಗಿಸಿ ನೋಡಿದ. ಒಂದು ಜಾಗವೂ ಖಾಲಿಯಿಲ್ಲ. ತುರ್ತಿನ ನಂಬರು ಕೂಡ ದುಂಡಗೆ ಬರೆದಿದೆ. ನಿದ್ದೆಬಡುಕ ಇಷ್ಟಾದರೂ ಕ್ರಮ ಇಟ್ಟುಕೊಂಡಿದ್ದಾನಲ್ಲ, ಪೆಟ್ಟಿಗೆ ಇಲ್ಲೇ ಉಳಿಯಿತು ಅಂತ ಮನೆಯಾಕೆಗೆ ತಿಳಿಸೋಣ ಎಂದು ಮೇಜಿನ ಫೋನೆತ್ತಿ ನಂಬರು ಒತ್ತಿದ.

ಅಗುಳಿಯಕ್ಕನ ಕೈಚೀಲದೊಳಗೆ ಫೋನು ಹೊಡೆದುಕೊಳ್ಳತೊಡಗಿತು.