ಟವರ್ ಸಿಗುವ ಮನೆ

ಕಮಲಾಪುರದ ಆ ಮನೆಯ ಪಡಸಾಲೆಯಲ್ಲಿ ಸೃಷ್ಟಿ ಚಹಾದ ಕಪ್ಪು ಕೆಳಗಿಟ್ಟು, ಮೊಬೈಲ್ ಎತ್ತಿ ಹಿಡಿದು ಎದ್ದೇ ನಿಂತಳು. ಗಂಡಿನ ಮನೆ ನೋಡಲು ಬಂದವರು ಹೊಲ, ಬಾವಿ ಕೇಳುತ್ತಾರೆ. ಇವಳು ನೆಟ್‌ವರ್ಕ್ ಕೇಳಿದಳು. ಕಲಬುರಗಿಯ ಆಸ್ಪತ್ರೆಯೊಂದರ ರೋಗಿಗಳಿಗೆ ಮನೆಯಿಂದಲೇ ಫೋನಿನಲ್ಲಿ ಸಲಹೆ ಹೇಳುವ ನೌಕರಿ ಅವಳದು. ಟವರ್ ಇಲ್ಲದಿದ್ದರೆ ನೌಕರಿ ಇಲ್ಲ, ನೌಕರಿ ಇಲ್ಲದಿದ್ದರೆ ಮದುವೆಯೂ ಇಲ್ಲ ಎಂದು ತಂದೆ ಜಗದೇವಪ್ಪನಿಗೆ ಬಸ್ಸಿನಲ್ಲೇ ಹೇಳಿದ್ದಳು.

“ಮಾಳಿಗಿ ಮ್ಯಾಲ ಫುಲ್ ಬರ್ತದರೀ,” ಎಂದ ವರ ವಿವೇಕಾನಂದ.

“ಬ್ಯಾಸಗ್ಯಾಗ ಅಲ್ಲಿ ಕುಂತರ ನಾನೇ ಪೇಷಂಟ್ ಆಗ್ತೀನ್ರಿ.”

ಅವಳ ಮೊಬೈಲಿನ ಎರಡು ಸಿಮ್‌ಗಳೂ ಯಾವ ಕೋಣೆಯಲ್ಲೂ ಉಸಿರೆತ್ತಲಿಲ್ಲ. “ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ,” ಎಂದು ಮೊಬೈಲ್ ಕಂಪನಿಯ ಹೆಂಗಸಿನ ದನಿಯಲ್ಲಿ ವಿವೇಕಾನಂದ ಅಣಕಿಸಿದ. ಯಾರೂ ನಗಲಿಲ್ಲ. ಅವನ ತಾಯಿ ಶಾರದಾಬಾಯಿ ಮಾತ್ರ ಸೊಂಟದಿಂದ ತಮ್ಮ ಫೋನು ತೆಗೆದರು. “ನಂದು ಬ್ಯಾರೆ ಕಂಪನಿ ಅದ. ಅಡಗಿ ಮನ್ಯಾಗ ಛಲೋ ಹತ್ತತದ, ಬಾರವ್ವ.”

ಒಲೆಯ ಪಕ್ಕ ನಿಂತು ಸೃಷ್ಟಿ ಅದೇ ಫೋನಿನಿಂದ ಆಸ್ಪತ್ರೆಗೆ ಹಚ್ಚಿದಳು. ಅಲ್ಲಿ ಕೆಲಸ ಮಾಡುವ ಗೆಳತಿಯ ದನಿ ಎದುರಿಗೇ ಕೂತಂತೆ ಕೇಳಿತು. “ಇದ ಕಂಪನಿ ಸಿಮ್ ತಗೋತೀನ್ರಿ. ನನ್ನ ಕುರ್ಚಿ ಇಲ್ಲೇ!”

“ಹುಚ್ಚಿ, ಒಗ್ಗರಣಿ ಸಪ್ಪಳದಾಗ ಏನ್ ನೌಕರಿ ಮಾಡ್ತಿ?” ಜಗದೇವಪ್ಪ ಬೀಗರ ಮುಖ ನೋಡಲಾರದೆ ಗೊಣಗಿದರು.

ಸೃಷ್ಟಿ ಒಲೆಯ ಪಕ್ಕದಿಂದ ಕದಲಲಿಲ್ಲ. ಶಾರದಾಬಾಯಿ ಅವಳನ್ನೊಮ್ಮೆ ನೋಡಿ, ಕುದಿಯುತ್ತಿದ್ದ ಬೇಳೆಯ ಕೆಳಗಿನ ಗ್ಯಾಸ್ ಬಂದ್ ಮಾಡಿದರು.

“ವಿವೇಕಾ, ಸಿಲಿಂಡರ್ ಎತ್ತು. ಒಲಿನೂ ಒಯ್ದು ಹಿಂದಿನ ಖೋಲ್ಯಾಗ ಇಡು. ಬ್ಯಾಳಿ ಕುದಿಯಾಕ ಟವರ್ ಬೇಕಾಗಂಗಿಲ್ಲ.”